ತಂತಿಗೆ ಕಣ್ಣು ಬಂದರೆ ಮೊದಲು ಯಾರನ್ನು ನೋಡಬೇಕು?

ಕರೆಂಟಿಗೆ ಜಾತಿ ಇಲ್ಲ ಎಂದು ಮೇಷ್ಟ್ರು ಹೇಳುತ್ತಾರೆ. ಮುಟ್ಟಿದರೆ ಗೌಡನಿಗೂ ಹೊಡೆಯುತ್ತದೆ, ಜೀತದಾಳಿಗೂ ಹೊಡೆಯುತ್ತದೆ. ನಿಜ. ಆದರೆ ಕಂಬಕ್ಕೆ ಜಾತಿ ಇದೆ. ಟಿ.ಸಿ. ಯಾರ ಹೊಲದ ಬದುವಿನಲ್ಲಿ ಕೂರಬೇಕು ಎಂಬುದಕ್ಕೆ ಜಾತಿ ಇದೆ. ಸುಟ್ಟ ಟಿ.ಸಿ. ಎರಡು ದಿನದಲ್ಲಿ ಬದಲಾಗಬೇಕೋ ಎರಡು ವಾರದಲ್ಲೋ ಎಂಬುದಕ್ಕೆ ಜಾತಿ ಇದೆ. ಕಂಬ ಊರೊಳಗೆ ಮೊದಲು ಬರುತ್ತದೆ, ಕೇರಿಗೆ ಕೊನೆಗೆ ಬರುತ್ತದೆ. ಬಾವಿಯಲ್ಲಿ ನೀರು ಹೀಗೆಯೇ ಹಂಚಿಕೆಯಾಯಿತು. ಈಗ ಬೆಳಕಿನ ಸರದಿ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ — ಈ ಐದು ತಾಲ್ಲೂಕುಗಳಲ್ಲಿ ತಿರುಗಾಡುವ ನಾವು ಈ ಮಾತನ್ನು ಈಗ ಎತ್ತಲು ಕಾರಣವಿದೆ. ಹೊಸದೊಂದು ಪದ ಊರಿಗೆ ಬರುತ್ತಿದೆ: ಸ್ಮಾರ್ಟ್ ಗ್ರಿಡ್. ಜಾಣ ತಂತಿಜಾಲ. ಕೇಂದ್ರ ಸರ್ಕಾರ 2015ರಲ್ಲೇ ಇದಕ್ಕೊಂದು ರಾಷ್ಟ್ರೀಯ ಮಿಷನ್ ಮಾಡಿತು. ನಮ್ಮ ರಾಜ್ಯದಲ್ಲಿ ಇದರ ಮೊದಲ ಪ್ರಯೋಗ ಮೈಸೂರಿನ ವಿ.ವಿ. ಮೊಹಲ್ಲಾ ಭಾಗದಲ್ಲಿ, ಸುಮಾರು 21 ಸಾವಿರ ಗ್ರಾಹಕರ ಮೇಲೆ ನಡೆಯಿತು. ನಾಳೆ ನಾಡಿದ್ದು ಕೃಷ್ಣಾ ದಂಡೆಗೂ ಬರುತ್ತದೆ. ಬಂದಾಗ ನಮ್ಮ ಜನ ಬಾಯಿ ಬಿಟ್ಟು ನೋಡುತ್ತ ನಿಲ್ಲಬಾರದು. ‘ಏನೋ ಹೊಸಾ ಮೀಟರ್ ಹಾಕ್ಯಾರ್ರಿ’ ಎಂದು ಹೇಳಿ ಸುಮ್ಮನಾಗಬಾರದು.

ಮೊದಲು ಇದೇನು ಎಂದು ಸರಳವಾಗಿ ತಿಳಿದುಕೊಳ್ಳೋಣ. ಹಳೆಯ ತಂತಿ ಕುರುಡು. ದೂರದ ಸ್ಥಾವರದಲ್ಲಿ ಕರೆಂಟು ಹುಟ್ಟುತ್ತದೆ, ಸಬ್‌ಸ್ಟೇಷನ್ನಿಗೆ ಬರುತ್ತದೆ, ಫೀಡರ್ ಹಿಡಿದು ಟಿ.ಸಿ.ಗೆ ಇಳಿಯುತ್ತದೆ, ಅಲ್ಲಿಂದ ಮನೆಗೆ, ಪಂಪಿಗೆ. ಒಂದೇ ದಿಕ್ಕು. ನಡುವೆ ಎಷ್ಟು ಸೋರಿತು, ಯಾರು ಕೊಂಡಿ ಹಾಕಿದರು, ಯಾವ ಟಿ.ಸಿ. ಮೇಲೆ ಎಷ್ಟು ಭಾರ ಬಿತ್ತು ಎಂಬುದು ಸುಟ್ಟ ಮೇಲೆಯೇ ಗೊತ್ತಾಗುವುದು. ಜಾಣ ತಂತಿಗೆ ಕಣ್ಣುಗಳಿರುತ್ತವೆ. ಫೀಡರಿಗೊಂದು, ಟಿ.ಸಿ.ಗೊಂದು, ಮನೆಗೊಂದು ಮೀಟರು. ಅವು ಗಳಿಗೆಗಳಿಗೆಗೆ ಲೆಕ್ಕ ಕಳಿಸುತ್ತವೆ. ಎಲ್ಲಿ ಲೈನು ಕಡಿಯಿತು ಎಂದು ಕಚೇರಿಯಲ್ಲಿ ಕೂತವರಿಗೆ ಕೂಡಲೇ ಕಾಣುತ್ತದೆ. ಚಾವಣಿಯ ಮೇಲಿನ ಸೋಲಾರು, ಸಕ್ಕರೆ ಕಾರ್ಖಾನೆಯ ಸಿಪ್ಪೆಯ ಕರೆಂಟು, ಬ್ಯಾಟರಿ — ಇವೆಲ್ಲ ಎರಡೂ ದಿಕ್ಕಿನಲ್ಲಿ ಹರಿಯಬಹುದು. ಬೇಡಿಕೆ ಹೆಚ್ಚಿದಾಗ ಎಲ್ಲಿ ತಡೆಯಬೇಕು, ಎಲ್ಲಿ ಬಿಡಬೇಕು ಎಂದು ತೀರ್ಮಾನಿಸಬಹುದು. ಹಾಗಾದರೆ ಒಂದು ಊರಿಗೆ, ಒಂದು ತಾಲ್ಲೂಕಿಗೆ ಎಷ್ಟು ಕರೆಂಟು ಬೇಕು, ಅದರಲ್ಲಿ ಎಷ್ಟನ್ನು ಇಲ್ಲೇ ಹುಟ್ಟಿಸಬಹುದು ಎಂದು ಅಲ್ಲಿಯ ಜನವೇ ಯೋಜನೆ ಹಾಕಬಹುದು.

ಇದು ಒಳ್ಳೆಯದೇ. ನಾವು ಯಂತ್ರದ ವೈರಿಗಳಲ್ಲ. ಯಂತ್ರ ಬಂದರೆ ಕೆಟ್ಟಿತು, ಚರಕವೇ ಚೆಂದ ಎಂದು ಪಾಠ ಹೇಳಿದವರು ಬೇರೆ. ನಮ್ಮ ಬಾಬಾಸಾಹೇಬರು ಹಾಗೆ ಹೇಳಲಿಲ್ಲ. 1942ರಿಂದ 1946ರವರೆಗೆ ವೈಸರಾಯರ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ ವಿದ್ಯುತ್ತಿನ ಖಾತೆ ಅವರ ಕೈಯಲ್ಲಿತ್ತು. 1943ರ ಅಕ್ಟೋಬರಿನಲ್ಲಿ ಲೋಕೋಪಯೋಗಿ ಮತ್ತು ವಿದ್ಯುತ್ ನೀತಿ ಸಮಿತಿಯ ಮುಂದೆ ಅವರು ಕೇಳಿದ ಪ್ರಶ್ನೆಗಳನ್ನು ನೋಡಿ. ವಿದ್ಯುತ್ತು ಖಾಸಗಿಯವರ ಕೈಯಲ್ಲಿರಬೇಕೋ, ಸರ್ಕಾರದ ಕೈಯಲ್ಲಿರಬೇಕೋ? ಅಗ್ಗವಾಗಿ, ಹೇರಳವಾಗಿ ಸಿಗಲು ಏನು ಮಾಡಬೇಕು? ಬಡತನದ ಸುಳಿಯಿಂದ ಈ ದೇಶದ ಜನ ಹೊರಬರಬೇಕಾದರೆ ಕೈಗಾರಿಕೆ ಬೇಕು, ಕೈಗಾರಿಕೆಗೆ ಅಗ್ಗದ ವಿದ್ಯುತ್ತು ಬೇಕು ಎಂಬುದು ಅವರ ವಾದದ ತಿರುಳು. 1944ರಲ್ಲಿ ಕೇಂದ್ರ ತಾಂತ್ರಿಕ ವಿದ್ಯುತ್ ಮಂಡಳಿ ಹುಟ್ಟಿದ್ದು ಅವರ ಕಾಲದಲ್ಲೇ. ಅದೇ ಬಾಬಾಸಾಹೇಬರು 1925ರ ಏಪ್ರಿಲಿನಲ್ಲಿ ನಮ್ಮ ನಿಪ್ಪಾಣಿಗೆ ಬಂದು ಅಸ್ಪೃಶ್ಯರ ಪರಿಷತ್ತಿನಲ್ಲಿ ಮಾತಾಡಿದರು. ನೂರು ವರ್ಷವಾಯಿತು. ನೂರರ ನೆನಪಿಗೆ ಮಂಟಪ ಹಾಕಿದರು, ಹಾರ ಹಾಕಿದರು, ಲೈಟಿನ ಸರ ಕಟ್ಟಿದರು. ಆ ಲೈಟಿನ ಬಗ್ಗೆ ಅವರು ಕೇಳಿದ್ದ ಪ್ರಶ್ನೆಯನ್ನು ಮಾತ್ರ ಯಾರೂ ಕೇಳಲಿಲ್ಲ.

ಆ ಪ್ರಶ್ನೆಯನ್ನು ನಾವು ಕೇಳುತ್ತೇವೆ. ತಂತಿಗೆ ಕಣ್ಣು ಬಂದರೆ ಅದು ಮೊದಲು ಯಾರನ್ನು ನೋಡಬೇಕು?

ಈಗಿನ ಮೀಟರು ಯಾರನ್ನು ನೋಡುತ್ತಿದೆ? ಬಡವನ ಗೋಡೆಯನ್ನು ನೋಡುತ್ತಿದೆ. 1970ರ ದಶಕದ ಕೊನೆಗೆ ದೇವರಾಜ ಅರಸರ ಸರ್ಕಾರ ಭಾಗ್ಯಜ್ಯೋತಿ ತಂದಿತು. ಗುಡಿಸಲಿಗೆ ಒಂದು ಬಲ್ಬು. ಆ ಬಲ್ಬು ನಮ್ಮ ಎಷ್ಟೋ ಮಕ್ಕಳನ್ನು ಓದಿಸಿತು, ಅದನ್ನು ನಾವು ಮರೆಯುವವರಲ್ಲ. ಆದರೆ ಲೆಕ್ಕ ನೋಡಿ. ಭಾಗ್ಯಜ್ಯೋತಿ, ಕುಟೀರಜ್ಯೋತಿ ಮನೆಗೆ ಬಹಳ ವರ್ಷ ತಿಂಗಳಿಗೆ 18 ಯೂನಿಟ್ಟು ಉಚಿತ. 2017ರಲ್ಲಿ ಅದು 40 ಆಯಿತು. ಒಂದು ಯೂನಿಟ್ಟು ದಾಟಿದರೆ ಸಾಕು, ಬಿಲ್ಲು, ಬಾಕಿ, ಬಡ್ಡಿ, ಕಟ್ಟು. ಪಂಪ್‌ಸೆಟ್ಟಿಗೆ? 10 ಎಚ್.ಪಿ.ವರೆಗೆ 2008ರಿಂದ ಪೂರ್ತಿ ಉಚಿತ. ಅಲ್ಲಿ ಬಹುಪಾಲು ಮೀಟರೇ ಇಲ್ಲ. ಎಷ್ಟು ಉರಿಯಿತು ಎಂಬುದು ಅಂದಾಜು.

ಇನ್ನೊಂದು ಲೆಕ್ಕ ಹಾಕೋಣ. ಇದನ್ನು ಯಾವ ಶಾಲೆಯ ಹುಡುಗನಾದರೂ ಹಾಕಬಲ್ಲ. 10 ಎಚ್.ಪಿ. ಎಂದರೆ ಸುಮಾರು ಏಳೂವರೆ ಕಿಲೋವ್ಯಾಟು. ದಿನಕ್ಕೆ 7 ತಾಸು ತ್ರೀ ಫೇಸ್ ಕೊಡುತ್ತೇವೆ ಎಂಬುದು ಸರ್ಕಾರದ ಮಾತು. ಏಳು ತಾಸು ಓಡಿದರೆ 52 ಯೂನಿಟ್ಟು. ಅಂದರೆ ಕೇರಿಯ ಮನೆ ಒಂದು ತಿಂಗಳಲ್ಲಿ ಉಚಿತವಾಗಿ ಉರಿಸಬಹುದಾಗಿದ್ದ 40 ಯೂನಿಟ್ಟಿಗಿಂತ ಹೆಚ್ಚನ್ನು ಆ ಪಂಪು ಒಂದೇ ದಿನದಲ್ಲಿ ಎತ್ತುತ್ತದೆ. ವರ್ಷಕ್ಕೆ 200 ದಿನ ಓಡಿತು ಎನ್ನಿ: 10,400 ಯೂನಿಟ್ಟು. 40ರಂತೆ ಕೇರಿಯ ಮನೆಗೆ ವರ್ಷಕ್ಕೆ 480. ಒಂದು ಪಂಪು, ಇಪ್ಪತ್ತೊಂದು ಮನೆ. ಹೊಲ ಇದ್ದವನಿಗೆ ಪಂಪು, ಪಂಪು ಇದ್ದವನಿಗೆ ಉಚಿತ ಕರೆಂಟು, ಉಚಿತ ಕರೆಂಟು ಇದ್ದವನಿಗೆ ಕಬ್ಬು, ಕಬ್ಬು ಇದ್ದವನಿಗೆ ಕಾರ್ಖಾನೆಯ ಷೇರು, ಷೇರು ಇದ್ದವನಿಗೆ ಸಹಕಾರಿ ಚುನಾವಣೆ, ಚುನಾವಣೆ ಗೆದ್ದವನಿಗೆ ಮತ್ತೊಂದು ಟಿ.ಸಿ. ಭೂಮಿ ಇಲ್ಲದವನಿಗೆ ಈ ಸರಪಳಿಯಲ್ಲಿ ಇರುವ ಜಾಗ ಒಂದೇ: ಕಬ್ಬು ಕಡಿಯುವುದು.

ಇಲ್ಲಿ ರೈತ ಬಂಧುಗಳು ಸಿಟ್ಟಾಗುತ್ತಾರೆ. ‘ನೀವು ರೈತರ ವಿರುದ್ಧ ಮಾತಾಡಾಕತ್ತೀರಿ’ ಎನ್ನುತ್ತಾರೆ. ಇಲ್ಲ. ಎರಡೆಕರೆಯ ರೈತ ನಮ್ಮವನೇ. ರಾಜ್ಯ ರೈತ ಸಂಘ 1980ರಲ್ಲಿ ಹುಟ್ಟಿದಾಗ ಅದರ ಸಭೆಗಳಲ್ಲಿ ನಮ್ಮವರೂ ಕೂತಿದ್ದರು. 1981ರ ಏಪ್ರಿಲಿನಲ್ಲಿ ನಿಪ್ಪಾಣಿಯಲ್ಲಿ ತಂಬಾಕು ಬೆಳೆಗಾರರ ಮೇಲೆ ಗೋಲಿಬಾರ್ ಆಗಿ ರೈತರು ಸತ್ತಾಗ ನೊಂದವರಲ್ಲಿ ನಾವೂ ಇದ್ದೆವು. ಸಣ್ಣ ರೈತನ ಉಚಿತ ಕರೆಂಟನ್ನು ಕಿತ್ತುಕೊಳ್ಳಿ ಎಂದು ನಾವು ಹೇಳುವುದಿಲ್ಲ. ನಾವು ಕೇಳುವುದು ಲೆಕ್ಕ. ಯಾವ ಆರ್.ಆರ್. ನಂಬರಿನಲ್ಲಿ ಎಷ್ಟು ಎಚ್.ಪಿ. ಇದೆ, ಒಂದೇ ಮನೆತನದ ಹೆಸರಲ್ಲಿ ಎಷ್ಟು ಪಂಪಿವೆ, ಕಾಗದದಲ್ಲಿ 10 ಇದ್ದದ್ದು ಹೊಳೆಯ ದಂಡೆಯಲ್ಲಿ ಎಷ್ಟಾಗಿದೆ? ಟಿ.ಸಿ.ಗೆ ಒಂದು ಮೀಟರು ಹಾಕಿದರೆ ಯಾವ ರೈತನಿಗೂ ಬಿಲ್ಲು ಬರುವುದಿಲ್ಲ. ಸುಳ್ಳು ಮಾತ್ರ ಬಯಲಾಗುತ್ತದೆ. ಸೋರಿದ್ದೆಲ್ಲವನ್ನೂ ‘ಪಂಪ್‌ಸೆಟ್ಟು ಕುಡೀತು’ ಎಂದು ಬರೆಯುವ ಕಳ್ಳ ಪುಸ್ತಕ ಮುಚ್ಚುತ್ತದೆ. ಲೆಕ್ಕಕ್ಕೆ ಹೆದರುವವನು ಸಣ್ಣ ರೈತನಲ್ಲ. ಅವನನ್ನು ಮುಂದಿಟ್ಟುಕೊಂಡು ಅವನ ಬೆನ್ನ ಹಿಂದೆ ನಿಂತವನು.

ಜಾಣ ತಂತಿಯ ಮೊದಲ ಕಣ್ಣು ಅಲ್ಲಿರಬೇಕು: ಫೀಡರಿನ ಮೇಲೆ, ಟಿ.ಸಿ.ಯ ಮೇಲೆ, ಕಾರ್ಖಾನೆಯ ಗೇಟಿನ ಮೇಲೆ. ಆದರೆ ದೇಶದಲ್ಲಿ ಆಗುತ್ತಿರುವುದೇನು? 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿತರಣಾ ಕಂಪನಿಗಳ ಸುಧಾರಣೆಗೆ 3 ಲಕ್ಷ ಕೋಟಿ ರೂಪಾಯಿ ಮೀರಿದ ಯೋಜನೆ ತಂದಿತು. ಅದರ ಹೊಟ್ಟೆಯೊಳಗಿನ ದೊಡ್ಡ ಗುರಿ 25 ಕೋಟಿ ಸ್ಮಾರ್ಟ್ ಪ್ರಿಪೇಯ್ಡ್ ಮೀಟರು. ಫೀಡರು, ಟಿ.ಸಿ.ಗಳಿಗೂ ಮೀಟರು ಎಂದು ಅದರಲ್ಲಿ ಬರೆದಿದೆ, ನಿಜ. ಆದರೆ ಮೀಟರಿನ ವ್ಯಾಪಾರ ಇರುವುದು ಮನೆಗಳ ಸಂಖ್ಯೆಯಲ್ಲಿ. ಕೋಟಿಗಟ್ಟಲೆ ಗೋಡೆಗಳು, ಕೋಟಿಗಟ್ಟಲೆ ಡಬ್ಬಿಗಳು. ನಮ್ಮ ರಾಜ್ಯದ ಕಥೆಯನ್ನೂ ನೋಡಿ. 2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಬೆಸ್ಕಾಂ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರು ಕಡ್ಡಾಯ ಎಂದಿತು. ಸಾವಿರ ರೂಪಾಯಿಯ ಒಳಗೆ ಸಿಗುತ್ತಿದ್ದ ಸಿಂಗಲ್ ಫೇಸ್ ಮೀಟರಿನ ಜಾಗದಲ್ಲಿ ಸುಮಾರು 5 ಸಾವಿರದ ಮೀಟರು ಬಂತು. ಗದ್ದಲವಾಯಿತು, ವಿಷಯ ಕೋರ್ಟಿನ ಮೆಟ್ಟಿಲು ಹತ್ತಿತು. ಬೀಡಿ ಕಟ್ಟಿ ದಿನದ ಕೂಲಿ ಎಣಿಸುವ ತಾಯಿಗೆ 5 ಸಾವಿರ ಎಂದರೆ ಏನು ಎಂದು ಆ ಕಡತಕ್ಕೆ ಸಹಿ ಹಾಕಿದವರು ಒಮ್ಮೆಯಾದರೂ ಯೋಚಿಸಿದ್ದಾರೆಯೇ?

ಪ್ರಿಪೇಯ್ಡ್ ಎಂಬ ಪದವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಮೊದಲು ರೊಕ್ಕ, ಆಮೇಲೆ ಬೆಳಕು. ರೊಕ್ಕ ತೀರಿದ ಕೂಡಲೇ ಕತ್ತಲೆ. ಈವರೆಗೆ ಕಟ್ ಮಾಡಬೇಕಾದರೆ ಲೈನ್‌ಮನ್ ಕೇರಿಗೆ ಬರಬೇಕಿತ್ತು. ಬಂದರೆ ಮುದುಕಿಯ ಮುಖ ನೋಡಬೇಕಿತ್ತು, ಪರೀಕ್ಷೆಗೆ ಓದುವ ಹುಡುಗಿಯ ಮುಖ ನೋಡಬೇಕಿತ್ತು; ‘ನಾಳೆ ಕಟ್ತೀವ್ರಿ ಅಣ್ಣಾ’ ಎಂದರೆ ಒಂದು ದಿನ ಬಿಡುತ್ತಿದ್ದ. ಜಾಣ ಮೀಟರಿಗೆ ಮುಖ ನೋಡುವ ಕೆಲಸ ಇಲ್ಲ. ದೂರದಲ್ಲಿ ಕೂತ ಯಂತ್ರ ಕತ್ತರಿಸುತ್ತದೆ. ಆದರೆ ಕಾಯಿದೆ ಏನು ಹೇಳುತ್ತದೆ? 2003ರ ವಿದ್ಯುತ್ ಕಾಯಿದೆಯ 56ನೇ ಕಲಮು ಬಾಕಿಗೆ ಕಟ್ ಮಾಡುವ ಮೊದಲು ಲಿಖಿತವಾಗಿ 15 ದಿನದ ನೋಟಿಸು ಕೊಡಬೇಕು ಎನ್ನುತ್ತದೆ. ಅದೇ ಕಾಯಿದೆಯ 47ನೇ ಕಲಮಿನ 5ನೇ ಉಪಕಲಮು, ಪ್ರಿಪೇಯ್ಡ್ ಮೀಟರಿಗೆ ಒಪ್ಪಿದ ಗ್ರಾಹಕನಿಂದ ಠೇವಣಿ ಕೇಳುವಂತಿಲ್ಲ ಎನ್ನುತ್ತದೆ. ಒಪ್ಪಿದರೆ! ಒಪ್ಪದಿರುವ ಹಕ್ಕು ಆ ಮಾತಿನೊಳಗೇ ಇದೆ ಎಂಬುದು ನಮ್ಮ ವಾದ. ಶಿಕ್ಷಕ ಗೆಳೆಯರು ಈ ಎರಡು ಕಲಮುಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಕೇರಿಯ ಸಮುದಾಯ ಭವನದ ಗೋಡೆಗೆ ಹಚ್ಚಬೇಕು.

ಹೋರಾಡಿದರೆ ಏನಾಗುತ್ತದೆ ಎನ್ನುವವರಿಗೆ ಎರಡು ಉದಾಹರಣೆ. 2024ರ ಮೇ ತಿಂಗಳಲ್ಲಿ ಗುಜರಾತಿನ ವಡೋದರಾದಲ್ಲಿ ಜನ ಬೀದಿಗಿಳಿದರು. ಪ್ರಿಪೇಯ್ಡ್ ಮೀಟರು ಹಚ್ಚುವ ಕೆಲಸ ನಿಂತಿತು. ಅದರ ಮರುತಿಂಗಳು ನಮ್ಮ ಗಡಿಯಾಚೆಯ ಮಹಾರಾಷ್ಟ್ರ ಸರ್ಕಾರ ಸಾಮಾನ್ಯ ಗ್ರಾಹಕರ ಮೇಲೆ ಪ್ರಿಪೇಯ್ಡ್ ಮೀಟರು ಹೇರುವುದಿಲ್ಲ ಎಂದು ಹೇಳಬೇಕಾಯಿತು. ಇನ್ನೂ ದೂರ ನೋಡಿ. ದಕ್ಷಿಣ ಆಫ್ರಿಕಾದ ಸೊವೆಟೊ, ಕರಿಯರ ದೊಡ್ಡ ಕೇರಿ. ಬಿಳಿಯರ ಆಳ್ವಿಕೆ ಹೋದ ಮೇಲೂ ಅಲ್ಲಿ ಬಾಕಿಗಾಗಿ ಬೆಳಕು ಕತ್ತರಿಸುವುದು ನಿಲ್ಲಲಿಲ್ಲ. 2000ದಲ್ಲಿ ಅಲ್ಲಿಯ ಜನ ಸಮಿತಿ ಕಟ್ಟಿಕೊಂಡು ಕತ್ತರಿಸಿದ ತಂತಿಗಳನ್ನು ತಾವೇ ಜೋಡಿಸಿದರು. ಸೊವೆಟೊದ ಫಿರಿ ಎಂಬಲ್ಲಿ ನೀರಿಗೇ ಪ್ರಿಪೇಯ್ಡ್ ಮೀಟರು ಹಾಕಿದಾಗ ಬಡ ಹೆಂಗಸರು ಕೋರ್ಟಿಗೆ ಹೋದರು. ಕೆಳಗಿನ ಎರಡು ಕೋರ್ಟುಗಳು ಅವರ ಪರವಾಗಿ ತೀರ್ಪು ಕೊಟ್ಟವು. 2009ರಲ್ಲಿ ಆ ದೇಶದ ಸಂವಿಧಾನ ನ್ಯಾಯಾಲಯ ಅದನ್ನು ತಿರುಗಿಸಿತು. ಅಂದರೆ ಕೋರ್ಟಿಗೆ ಹೋಗಬೇಕು, ಆದರೆ ಕೋರ್ಟನ್ನೇ ನಂಬಿ ಮನೆಯಲ್ಲಿ ಮಲಗಬಾರದು.

ಇನ್ನು ಹೊತ್ತಿನ ದರ. ಕೇಂದ್ರ ಸರ್ಕಾರ 2023ರ ಜೂನ್‌ನಲ್ಲಿ ಗ್ರಾಹಕರ ಹಕ್ಕುಗಳ ನಿಯಮ ತಿದ್ದಿತು. ಬಿಸಿಲಿರುವ ಹೊತ್ತಿನಲ್ಲಿ ಕರೆಂಟಿನ ದರ ಕನಿಷ್ಠ ಶೇ. 20 ಕಡಿಮೆ, ಬೇಡಿಕೆ ಏರುವ ಹೊತ್ತಿನಲ್ಲಿ ಮನೆಗಳಿಗೂ ಕನಿಷ್ಠ ಶೇ. 10 ಹೆಚ್ಚು. ಕೃಷಿಯನ್ನು ಬಿಟ್ಟು ಉಳಿದೆಲ್ಲರಿಗೂ, ಸ್ಮಾರ್ಟ್ ಮೀಟರು ಬಂದ ಕೂಡಲೇ. ಕೇಳಲು ನ್ಯಾಯವಾಗಿದೆ. ಈಗ ನಿಪ್ಪಾಣಿಯ ಬೀಡಿ ಕಟ್ಟುವ ಹೆಂಗಸಿನ ದಿನವನ್ನು ಈ ಗಡಿಯಾರದ ಪಕ್ಕ ಇಟ್ಟು ನೋಡಿ. ಹಗಲು ಹೊಲದಲ್ಲಿ ಕಳೆ, ಇಲ್ಲವೇ ತಂಬಾಕಿನ ಗೋದಾಮು. ಸಂಜೆ ಒಲೆ, ಮಕ್ಕಳು, ನೀರು. ರಾತ್ರಿ ಮೊರ ತೊಡೆಯ ಮೇಲಿಟ್ಟುಕೊಂಡು ಬಲ್ಬಿನ ಕೆಳಗೆ ಎಲೆ ಸುತ್ತುತ್ತಾಳೆ. ಅಥಣಿಯ ಸಮಗಾರ ಚಪ್ಪಲಿ ಹೆಣೆಯುತ್ತಾನೆ. ಆ ಚಪ್ಪಲಿಗೆ 2019ರಲ್ಲಿ ಜಿ.ಐ. ಮುದ್ರೆ ಸಿಕ್ಕಿತು, 2025ರಲ್ಲಿ ಇಟಲಿಯ ದೊಡ್ಡ ಕಂಪನಿ ಅದರ ಮಾದರಿಯನ್ನು ತನ್ನ ಫ್ಯಾಷನ್ ಮೆರವಣಿಗೆಯಲ್ಲಿ ನಡೆಸಿತು. ಇವರ ಮನೆಯೇ ಇವರ ಕಾರ್ಖಾನೆ. ಹಬ್ಬದ ಹಂಗಾಮಿನಲ್ಲಿ ದೀಪ ಹಚ್ಚಿ ದುಡಿಯುವ ಹೊತ್ತೇ ಇವರಿಗೆ ದುಬಾರಿ ಹೊತ್ತು. ಬಿಸಿಲಿನ ಅಗ್ಗದ ಕರೆಂಟು ಯಾರಿಗೆ? ಹಗಲೆಲ್ಲ ಏಸಿ ಓಡಿಸುವವರಿಗೆ, ಶೋರೂಮಿನವರಿಗೆ. ಜಾಣ ತಂತಿ ಗಡಿಯಾರ ನೋಡುತ್ತದೆ. ಆ ಗಡಿಯಾರದ ಮುಂದೆ ಯಾರು ಬೆವರುತ್ತಿದ್ದಾರೆ ಎಂಬುದನ್ನು ಯೋಜನೆ ಮಾಡುವವರು ನೋಡಬೇಕು.

‘ಈಗ ಗೃಹಜ್ಯೋತಿ ಐತಲ್ರಿ, ಬಿಲ್ಲು ಸೊನ್ನೆ, ನಿಮಗ್ಯಾಕ ಚಿಂತಿ?’ ಎಂದು ಕೇಳುವವರಿದ್ದಾರೆ. 2023ರಿಂದ 200 ಯೂನಿಟ್ಟಿನ ಮಿತಿಯೊಳಗೆ ಬಿಲ್ಲು ಇಲ್ಲ, ಸರಿ. ಆದರೆ 200 ಎಲ್ಲರಿಗೂ ಇಲ್ಲ. ಹಿಂದಿನ ವರ್ಷ ಎಷ್ಟು ಉರಿಸಿದಿರೋ ಅದರ ಸರಾಸರಿ, ಅದರ ಮೇಲೆ ಶೇ. 10, ತೀರ ಕಡಿಮೆ ಉರಿಸುವವರಿಗೆ ಆಮೇಲೆ 10 ಯೂನಿಟ್ಟು ಸೇರಿಸಿದರು. ಕತ್ತಲೆಯಲ್ಲಿದ್ದವನಿಗೆ ಕತ್ತಲೆಯ ಸರಾಸರಿ, ಫ್ರಿಜ್ಜು ಗೀಜರಿದ್ದವನಿಗೆ ಅವನ ಸರಾಸರಿ. ಇದ್ದ ಅಂತರ ಅಷ್ಟೇ ಉಳಿಯಿತು. ಇನ್ನೊಂದು ಮಾತು. 2013ರಲ್ಲಿ ಎಷ್ಟೋ ಹೋರಾಟದ ಮೇಲೆ ಪರಿಶಿಷ್ಟರ ಉಪಯೋಜನೆಯ ಕಾಯಿದೆ ಬಂತು. ನಮ್ಮ ಜನಸಂಖ್ಯೆಗೆ ತಕ್ಕ ಪಾಲು ನಮ್ಮ ಏಳಿಗೆಗೆ ಎಂದು. ಆ ಹಣದಿಂದ 2023-24ರಲ್ಲಿ 11 ಸಾವಿರ ಕೋಟಿ, 2024-25ರಲ್ಲಿ 14 ಸಾವಿರ ಕೋಟಿ ರೂಪಾಯಿಗೂ ಮೇಲೆ ಗ್ಯಾರಂಟಿ ಯೋಜನೆಗಳ ಲೆಕ್ಕಕ್ಕೆ ಹೋಯಿತು. ಎಲ್ಲರಿಗೂ ಕೊಡುವ ಬೆಳಕಿಗೆ ನಮ್ಮ ಪೆಟ್ಟಿಗೆಯಿಂದ ಎಣ್ಣೆ! ಭೂಮಿ ಕೊಳ್ಳಲು, ಹಾಸ್ಟೆಲು ಕಟ್ಟಲು, ಕೇರಿಗೇ ಒಂದು ಸೋಲಾರು ಘಟಕ ನಿಲ್ಲಿಸಲು ಆಗುತ್ತಿದ್ದ ಹಣ ತಿಂಗಳ ಬಿಲ್ಲಿನಲ್ಲಿ ಉರಿದು ಹೋಗುತ್ತದೆ. ಮುಂದೊಂದು ಸರ್ಕಾರ ಸೊನ್ನೆಯನ್ನು ಅಳಿಸಿದ ದಿನ ನಮ್ಮ ಗೋಡೆಯ ಮೇಲೆ ಉಳಿಯುವುದು ಮೀಟರು ಮಾತ್ರ.

ಬಿಸಿಲಿನ ಯೋಜನೆಗಳಿಗೆ ಬರೋಣ. 2024ರ ಫೆಬ್ರವರಿಯಿಂದ ಚಾವಣಿ ಸೋಲಾರಿಗೆ ಕೇಂದ್ರದ ಸಹಾಯಧನ ಇದೆ: 1 ಕಿಲೋವ್ಯಾಟಿಗೆ 30 ಸಾವಿರ, 3 ಕಿಲೋವ್ಯಾಟಿಗೆ 78 ಸಾವಿರ. ಯಾರ ಚಾವಣಿ? ಸೋಲಾರು ಕೂರಿಸಲು ತಕ್ಕ ಚಾವಣಿ ಇರಬೇಕು, ಮನೆ ನಿಮ್ಮ ಹೆಸರಲ್ಲಿರಬೇಕು, ಉಳಿದ ರೊಕ್ಕಕ್ಕೆ ಬ್ಯಾಂಕಿನವನು ಸಾಲ ಕೊಡಬೇಕು. ತಗಡಿನ ಮನೆಗೆ ಸೂರ್ಯ ಬರೀ ಸೆಕೆ ಕೊಡುತ್ತಾನೆ. ಪಂಪ್‌ಸೆಟ್ ಫೀಡರುಗಳಿಗೇ ಸೋಲಾರು ಜೋಡಿಸುವ ಕುಸುಮ್ ಯೋಜನೆಯ ಸಿ ಭಾಗವನ್ನು ರಾಜ್ಯದಲ್ಲಿ 2025ರ ಜೂನ್‌ನಲ್ಲಿ ಗೌರಿಬಿದನೂರಿನಲ್ಲಿ ಉದ್ಘಾಟಿಸಿದರು. ಸಬ್‌ಸ್ಟೇಷನ್ನಿನ ಹತ್ತಿರ ಜಮೀನು ಬೇಕು; 1 ಮೆಗಾವ್ಯಾಟಿಗೆ ನಾಲ್ಕೈದು ಎಕರೆ. ಈ ಜಮೀನು ಎಲ್ಲಿಂದ ಬರುತ್ತದೆ? ದಿನ್ನೆಯ ಮೇಲಿನ ಗಾಯರಾಣ, ಸರ್ಕಾರಿ ಪಡ. ನಮ್ಮವರು ತಲೆಮಾರುಗಳಿಂದ ಕುರಿ ಮೇಯಿಸಿದ್ದು ಅಲ್ಲಿ, ಸಾಗುವಳಿ ಮಾಡಿ ಬಗರ್‌ಹುಕುಂ ಅರ್ಜಿ ಹಾಕಿದ್ದು ಅಲ್ಲಿ. ಫಾರಂ 50, 53, 57 — ನಂಬರು ಬದಲಾದವು, ಹಕ್ಕುಪತ್ರ ಬರಲಿಲ್ಲ. ಉಳುವವನಿಗೆ ‘ಇದು ಸರ್ಕಾರದ ಆಸ್ತಿ’ ಎಂದ ತಹಶೀಲ್ದಾರ ಕಚೇರಿ ಕಂಪನಿಗೆ 25 ವರ್ಷದ ಬಾಡಿಗೆಗೆ ಕೊಡಲು ಹೊರಟರೆ ನಾವು ಕೇಳಲೇಬೇಕು. ಹಿಂದೆ ಮಂಜೂರಾದ ನಮ್ಮ ಜಮೀನುಗಳ ಮೇಲೂ ಕಣ್ಣು ಬೀಳುತ್ತದೆ. ನೆನಪಿಡಿ: 1978ರ ಪಿ.ಟಿ.ಸಿ.ಎಲ್. ಕಾಯಿದೆಯಲ್ಲಿ ಪರಭಾರೆ ಎಂದರೆ ಮಾರಾಟವಷ್ಟೇ ಅಲ್ಲ, ಭೋಗ್ಯವೂ ಹೌದು, ಲೀಸೂ ಹೌದು. ಸರ್ಕಾರದ ಅನುಮತಿ ಇಲ್ಲದ ಲೀಸು ಆ ಕಾಯಿದೆಯ ಮುಂದೆ ನಿಲ್ಲುವುದಿಲ್ಲ.

ಹಾಗಾದರೆ ಸೋಲಾರು ಬೇಡವೇ? ಬೇಕು. ನಮ್ಮದೇ ಬೇಕು. ಅದೇ ಕುಸುಮ್ ಯೋಜನೆಯ ಎ ಭಾಗದಲ್ಲಿ 500 ಕಿಲೋವ್ಯಾಟಿನಿಂದ 2 ಮೆಗಾವ್ಯಾಟಿನವರೆಗಿನ ಘಟಕವನ್ನು ಸಹಕಾರಿ ಸಂಘ, ಪಂಚಾಯಿತಿ, ರೈತರ ಗುಂಪು ಕೂಡ ಕಟ್ಟಬಹುದು ಎಂದಿದೆ. 500 ಕಿಲೋವ್ಯಾಟಿಗೆ ಎರಡು ಎರಡೂವರೆ ಎಕರೆ ಸಾಕು. ಭೂಮಿ ಇಲ್ಲದ ಐವತ್ತು ಮನೆಗಳ ಹೆಂಗಸರ ಸಹಕಾರಿ ಸಂಘಕ್ಕೆ ಗಾಯರಾಣದ ಎರಡೂವರೆ ಎಕರೆ ಕೊಡಿ, ಉಪಯೋಜನೆಯ ಹಣದಿಂದ ಬಂಡವಾಳ ಕೊಡಿ, ಕರೆಂಟನ್ನು ಹೆಸ್ಕಾಂ ಕೊಳ್ಳಲಿ. ಗೌಡರ ಪಂಪಿಗೆ ನೀರೆತ್ತುವ ಕರೆಂಟು ಕೇರಿಯಿಂದ ಹೋಗಲಿ, ಅದರ ರೊಕ್ಕ ಕೇರಿಗೆ ಬರಲಿ. ತಂತಿ ಎರಡೂ ದಿಕ್ಕಿನಲ್ಲಿ ಹರಿಯುತ್ತದೆ ಎಂದಿರಲ್ಲ, ಹರಿಸಿ ತೋರಿಸಿ! ಚಾವಣಿ ಇಲ್ಲದವರಿಗೆ ಒಂದೆಡೆ ಹುಟ್ಟಿಸಿ ಹಲವು ಮನೆಗಳ ಲೆಕ್ಕಕ್ಕೆ ಜಮಾ ಮಾಡುವ ಪದ್ಧತಿಗೆ ದಿಲ್ಲಿಯಲ್ಲಿ 2019ರಲ್ಲೇ ನಿಯಮ ಮಾಡಿದ್ದಾರೆ. ಅಂಬೇಡ್ಕರ್ ಭವನ, ಹಾಸ್ಟೆಲು, ಸರ್ಕಾರಿ ಶಾಲೆಯ ಚಾವಣಿ ಕೇರಿಯ ಚಾವಣಿಯಾಗಬಹುದು.

ಇದು ಕನಸಿನ ಮಾತು ಎನ್ನುವವರು ಚಿಕ್ಕೋಡಿಯ ಪಕ್ಕದ ಹುಕ್ಕೇರಿಗೆ ಹೋಗಿಬರಲಿ. 1969ರಲ್ಲಿ ದೇಶದಲ್ಲಿ ಪ್ರಯೋಗಕ್ಕೆಂದು ಕಟ್ಟಿದ ಐದು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಗಳಲ್ಲಿ ಹುಕ್ಕೇರಿಯದು ಒಂದು. ಸುತ್ತಲೂ ಕೆ.ಇ.ಬಿ. ಹೋಗಿ ಕೆ.ಪಿ.ಟಿ.ಸಿ.ಎಲ್. ಬಂತು, 2002ರಲ್ಲಿ ಹೆಸ್ಕಾಂ ಬಂತು. ಹುಕ್ಕೇರಿಯಲ್ಲಿ ಇಂದಿಗೂ ಸಂಘವೇ ಕರೆಂಟು ಹಂಚುತ್ತದೆ. ಕರೆಂಟು ಹಂಚಲು ಕಂಪನಿಯೇ ಬೇಕಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಆದರೆ ಇನ್ನೊಂದಕ್ಕೂ ಸಾಕ್ಷಿ. ಆ ಸಂಘದ ಆಡಳಿತ ಮಂಡಳಿಗಾಗಿ 2025ರಲ್ಲಿ ಜಿಲ್ಲೆಯ ದೊಡ್ಡ ರಾಜಕೀಯ ಮನೆತನಗಳು ಸೆಣಸಿದ್ದನ್ನು ಎಲ್ಲರೂ ನೋಡಿದ್ದಾರೆ. ಸಹಕಾರ ಎಂಬ ಹೆಸರಿದ್ದರೆ ಸಾಲದು, ಸದಸ್ಯರ ಪಟ್ಟಿಯಲ್ಲಿ ನಮ್ಮ ಹೆಸರಿರಬೇಕು.

ಸ್ಥಳೀಯ ಯೋಜನೆ ಎಂಬ ಮಾತು ಸಂವಿಧಾನದಲ್ಲೇ ಇದೆ. ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯಿತಿಗಳ ಕೆಲಸದ ಪಟ್ಟಿ ಇದೆ. ಅದರ 14ನೇ ವಿಷಯ ಗ್ರಾಮೀಣ ವಿದ್ಯುದೀಕರಣ, ವಿತರಣೆಯೂ ಸೇರಿ. 15ನೇದು ಅಸಾಂಪ್ರದಾಯಿಕ ಇಂಧನ. 2003ರ ಕಾಯಿದೆಯ 166ನೇ ಕಲಮು ಪ್ರತಿ ಜಿಲ್ಲೆಗೂ ಒಂದು ಸಮಿತಿ ಇರಬೇಕು, ಅದು ವಿದ್ಯುತ್ ಪೂರೈಕೆಯ ಗುಣಮಟ್ಟವನ್ನೂ ಗ್ರಾಹಕರ ತೃಪ್ತಿಯನ್ನೂ ಪರಿಶೀಲಿಸಬೇಕು ಎನ್ನುತ್ತದೆ. ಗ್ರಾಮಸಭೆಯಲ್ಲಿ ಚರಂಡಿ, ರಸ್ತೆ, ಮನೆ ಹಂಚಿಕೆ ಚರ್ಚೆಗೆ ಬರುತ್ತವೆ. ನಮ್ಮ ಊರಿನ ಫೀಡರಿನಲ್ಲಿ ಎಷ್ಟು ಕರೆಂಟು ಬಂತು, ಎಲ್ಲಿ ಹೋಯಿತು ಎಂಬುದು ಯಾವ ಗ್ರಾಮಸಭೆಯಲ್ಲಿ ಬಂದಿದೆ, ಹೇಳಿ? ನಿಪ್ಪಾಣಿ, ಕಾಗವಾಡ ಹೊಸ ತಾಲ್ಲೂಕುಗಳಾದವು. ಬೋರ್ಡು ಬದಲಾಯಿತು, ಕಚೇರಿ ಬಂತು. ಯೋಜನೆಯ ಮೇಜಿನ ಸುತ್ತ ಕೂತವರು ಬದಲಾಗಲಿಲ್ಲ.

ಹೊಳೆಯನ್ನೂ ಮರೆಯಬಾರದು. 2019ರ ಆಗಸ್ಟಿನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ಒಟ್ಟಿಗೆ ಏರಿದವು. 2021ರಲ್ಲಿ ಮತ್ತೆ. ಜುಗೂಳ, ಮಂಗಾವತಿ, ಇಂಗಳಿ, ಯಡೂರು, ಕುಡಚಿ — ದಂಡೆಯ ಊರುಗಳ ಹೆಸರು ಆ ಮಳೆಗಾಲಗಳಲ್ಲಿ ರಾಜ್ಯಕ್ಕೆಲ್ಲ ಗೊತ್ತಾದವು. ಬಹಳ ಊರುಗಳಲ್ಲಿ ಕೇರಿ ಇರುವುದು ತಗ್ಗಿನಲ್ಲಿ. ನೀರು ಮೊದಲು ಬರುವುದು ಅಲ್ಲಿಗೆ, ಕರೆಂಟು ಕೊನೆಗೆ ಬರುವುದೂ ಅಲ್ಲಿಗೇ. ಮುಳುಗಿದ ತುಂಡನ್ನು ಮಾತ್ರ ಬೇರ್ಪಡಿಸಿ ಉಳಿದ ಊರಿಗೆ ಬೆಳಕು ಉಳಿಸುವುದು ಜಾಣ ತಂತಿಗೆ ಸಾಧ್ಯ. ನಿರಾಶ್ರಿತರ ಶಿಬಿರವಾಗುವ ಶಾಲೆಯ ಮೇಲೆ ಸೋಲಾರು, ಬ್ಯಾಟರಿ ಇದ್ದರೆ ಫೋನು, ಔಷಧಿಯ ಪೆಟ್ಟಿಗೆ, ಕುಡಿಯುವ ನೀರಿನ ಮೋಟರು ನಡೆಯುತ್ತವೆ. ಯೋಜನೆ ಮಾಡುವವರಿಗೆ ನಿಜವಾಗಿ ಜಾಣತನ ಇದ್ದರೆ ಅದು ಮೊದಲು ಇಲ್ಲಿ ಕಾಣಬೇಕು.

ಕೆಲಸಗಾರರ ಮಾತೂ ಉಳಿದಿದೆ. ಮನೆಮನೆ ತಿರುಗಿ ಮೀಟರು ಓದುವ, ಬಿಲ್ಲು ಕೊಡುವ ಗ್ರಾಮ ವಿದ್ಯುತ್ ಪ್ರತಿನಿಧಿಗಳು ನಮ್ಮ ಹಳ್ಳಿಯ ಹುಡುಗರೇ. ಕಾಯಂ ಮಾಡಿ ಎಂದು ಕೇಳುತ್ತ ಅವರ ತಲೆಗೂದಲು ಬೆಳ್ಳಗಾಯಿತು. ಮೀಟರು ತಾನೇ ಲೆಕ್ಕ ಕಳಿಸುವ ದಿನ ಇವರ ಕೈಗೆ ಏನು ಕೊಡುತ್ತೀರಿ? ಕಬ್ಬಿನ ಸಿಪ್ಪೆ ಸುಟ್ಟು ಗ್ರಿಡ್ಡಿಗೆ ಕರೆಂಟು ಮಾರುವ ಕಾರ್ಖಾನೆಗಳ ಸುತ್ತ ಬೀಡಿನಿಂದ, ವಿಜಯಪುರದಿಂದ ಬಂದ ಕಬ್ಬು ಕಡಿಯುವ ಟೋಳಿಗಳು ಗುಡಿಸಲು ಹಾಕಿಕೊಂಡಿರುತ್ತವೆ. ಅವರು ಕಡಿದ ಕಬ್ಬಿನ ಸಿಪ್ಪೆಯಿಂದ ದೂರದ ನಗರ ಬೆಳಗುತ್ತದೆ. ಅವರ ಮಕ್ಕಳು ಮೊಬೈಲಿನ ಬ್ಯಾಟರಿಯಲ್ಲಿ ಊಟ ಮಾಡುತ್ತಾರೆ. ಹಳೆಯ ಕಥೆಯೇ. 1902ರಲ್ಲಿ ಶಿವನಸಮುದ್ರದ ಕರೆಂಟು ನೂರು ಮೈಲಿಯ ಹತ್ತಿರ ನಡೆದು ಕೋಲಾರದ ಚಿನ್ನದ ಗಣಿಗೆ ಹೋಯಿತು. ಚಿನ್ನ ಮೇಲೆ ಬಂತು. ಅದನ್ನು ಅಗೆದ ದಲಿತರ ಕೂಲಿ ಲೈನುಗಳಿಗೆ ಏನು ಬಂತು ಎಂದು ಯಾರಾದರೂ ಕೇಳಿದರೇ?

ಆದ್ದರಿಂದ ನಮ್ಮ ಬೇಡಿಕೆಗಳು ಇವು. ಇವನ್ನು ಗ್ರಾಮಸಭೆಯಲ್ಲಿ ಓದಿ, ಠರಾವು ಮಾಡಿಸಿ, ಪ್ರತಿಯನ್ನು ಹುಬ್ಬಳ್ಳಿಯ ಹೆಸ್ಕಾಂಗೂ ವಿದ್ಯುತ್ ನಿಯಂತ್ರಣ ಆಯೋಗಕ್ಕೂ ಕಳಿಸಿ.

ಒಂದು: ಫೀಡರು, ಟಿ.ಸಿ., ಕಾರ್ಖಾನೆಗಳಿಗೆ ಮೀಟರು ಹಾಕಿ ಮುಗಿಸುವವರೆಗೆ ಕೇರಿಯ ಮನೆಗಳ ಮೀಟರು ಮುಟ್ಟಬಾರದು. ಟಿ.ಸಿ.ಗಳ ಲೆಕ್ಕ ಪ್ರತಿ ತಿಂಗಳು ಪಂಚಾಯಿತಿಯ ಬೋರ್ಡಿನ ಮೇಲೆ, ಕನ್ನಡದಲ್ಲಿ, ಗಡಿಯ ಊರುಗಳಲ್ಲಿ ಮರಾಠಿಯಲ್ಲೂ ಬರಬೇಕು.

ಎರಡು: ಒಪ್ಪಿಗೆ ಇಲ್ಲದೆ ಪ್ರಿಪೇಯ್ಡ್ ಇಲ್ಲ. 15 ದಿನದ ನೋಟಿಸಿಲ್ಲದೆ ಕಟ್ ಇಲ್ಲ. ಮೀಟರಿನ ಬೆಲೆ ಬಡವನ ತಲೆಗೆ ಇಲ್ಲ.

ಮೂರು: ಮನೆಯಲ್ಲೇ ದುಡಿಯುವ ಬೀಡಿ, ಚಪ್ಪಲಿ, ಹೊಲಿಗೆ ಕೆಲಸಗಾರರಿಗೆ ಸಂಜೆಯ ಹೆಚ್ಚು ದರ ಇಲ್ಲ.

ನಾಲ್ಕು: ಗ್ರಾಮಸಭೆಯ ಒಪ್ಪಿಗೆ ಇಲ್ಲದೆ, ಬಗರ್‌ಹುಕುಂ ಅರ್ಜಿಗಳು ತೀರ್ಮಾನವಾಗದೆ ಗಾಯರಾಣದ ಒಂದು ಗುಂಟೆಯೂ ಸೋಲಾರು ಕಂಪನಿಗೆ ಇಲ್ಲ. ಭೂಮಿ ಇಲ್ಲದವರ ಸಹಕಾರಿ ಸಂಘಗಳಿಗೆ ಮೊದಲ ಪಾಲು.

ಐದು: ಪರಿಶಿಷ್ಟರ ಉಪಯೋಜನೆಯ ಹಣ ಬಿಲ್ಲಿಗೆ ಬೇಡ, ಆಸ್ತಿಗೆ ಬೇಕು.

ಆರು: ಗ್ರಾಮ ವಿದ್ಯುತ್ ಪ್ರತಿನಿಧಿಗಳನ್ನೂ ಐ.ಟಿ.ಐ. ಓದಿದ ಕೇರಿಯ ಹುಡುಗ ಹುಡುಗಿಯರನ್ನೂ ಹೊಸ ಜಾಲದ ಕೆಲಸಕ್ಕೆ ತರಬೇತಿ ಕೊಟ್ಟು ತೆಗೆದುಕೊಳ್ಳಬೇಕು. ದರ ಏರಿಕೆಯ ವಿಚಾರಣೆ ವರ್ಷಕ್ಕೊಮ್ಮೆಯಾದರೂ ಚಿಕ್ಕೋಡಿಯಲ್ಲಿ ನಡೆಯಬೇಕು.

ವಿದ್ಯಾರ್ಥಿ ಗೆಳೆಯರಿಗೆ ಒಂದು ಕೆಲಸ. ಈ ರಜೆಯಲ್ಲಿ ನಿಮ್ಮ ಊರಿನ ಟಿ.ಸಿ.ಗಳನ್ನು ಎಣಿಸಿ. ಯಾವ ಟಿ.ಸಿ.ಗೆ ಎಷ್ಟು ಮನೆ, ಎಷ್ಟು ಪಂಪು, ಕೇರಿಗೆ ಬರುವ ಕೊನೆಯ ಕಂಬ ಯಾವುದು, ಅಲ್ಲಿ ರಾತ್ರಿ ಎಂಟಕ್ಕೆ ಬಲ್ಬು ಎಷ್ಟು ಮಂಕು — ಬರೆದುಕೊಳ್ಳಿ. ಒಂದು ಹಾಳೆಯ ಮೇಲೆ ನಕ್ಷೆ ಮಾಡಿ. ಸ್ಮಾರ್ಟ್ ಗ್ರಿಡ್ಡಿನ ಯೋಜನೆ ಹಿಡಿದು ಅಧಿಕಾರಿಗಳು ಬರುವ ಹೊತ್ತಿಗೆ ನಮ್ಮ ಯೋಜನೆ ನಮ್ಮ ಕೈಯಲ್ಲಿರಬೇಕು. 1980ರ ಸುಮಾರಿಗೆ ನಿಪ್ಪಾಣಿಯ ತಂಬಾಕು ಕೆಲಸದ ಹೆಂಗಸರು ಸಂಘ ಕಟ್ಟಿದಾಗ ಅವರ ಬಳಿ ಇದ್ದದ್ದೂ ಇಷ್ಟೇ: ಎಷ್ಟು ದುಡಿದೆವು, ಎಷ್ಟು ಕೊಟ್ಟರು ಎಂಬ ಲೆಕ್ಕ. ಲೆಕ್ಕ ಕೇಳಲು ಕಲಿತವರನ್ನು ಕತ್ತಲೆಯಲ್ಲಿ ಬಹಳ ದಿನ ಇಡಲು ಆಗುವುದಿಲ್ಲ.